17 ಸಾವಿರ ದ್ವೀಪ, ಒಂದೇ ಇಂಗ್ಲಿಷ್ ಪೀರಿಯಡ್: ಇಂಡೋನೇಷ್ಯಾದಲ್ಲಿ ಊರೂರು ಸುತ್ತಿ ಟೀಚರ್‌ಗಳಿಗೆ ಕಲಿಸೋರ ಕೆಲಸ ಹೇಗಿರುತ್ತೆ?

ಇಂಡೋನೇಷ್ಯಾದ ಪ್ರಾಥಮಿಕ ಶಾಲೆಗಳಲ್ಲಿ 2027-28ನೇ ಸಾಲಿನಿಂದ ಇಂಗ್ಲಿಷ್ ಕಡ್ಡಾಯ ವಿಷಯ ಆಗಲಿದೆ. 2024ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯ ಹೊರಡಿಸಿದ ನಿಯಮದಲ್ಲೇ ಇದನ್ನ ಹೇಳಲಾಗಿದೆ. 3ನೇ ತರಗತಿಯಿಂದ ಶುರು ಮಾಡೋದು ಈಗಿನ ಯೋಜನೆ. ಕೇಳೋಕೆ ಸುಲಭ. ಆದ್ರೆ ಆ ದೇಶದಲ್ಲಿ ಸುಮಾರು ಒಂದೂವರೆ ಲಕ್ಷ ಪ್ರಾಥಮಿಕ ಶಾಲೆಗಳಿವೆ. ಅಲ್ಲಿ ಪಾಠ ಮಾಡ್ತಿರೋ ಎಷ್ಟೋ ಟೀಚರ್‌ಗಳು ಕಾಲೇಜು ಬಿಟ್ಟ ಮೇಲೆ ಇಂಗ್ಲಿಷ್‌ನಲ್ಲಿ ಒಂದು ವಾಕ್ಯ ಮಾತಾಡಿಲ್ಲ.

ಅವರಿಗೆ ಕಲಿಸೋರು ಯಾರು? ದ್ವೀಪದಿಂದ ದ್ವೀಪಕ್ಕೆ ಹಡಗು, ಬಸ್ಸು, ಸಣ್ಣ ವಿಮಾನ ಹತ್ತಿ ಹೋಗೋ ತರಬೇತುದಾರರು ಇದ್ದಾರೆ. ಕೆಲವರು ಹೊರದೇಶದವರು, ಹೆಚ್ಚಿನವರು ಅಲ್ಲಿಯವರೇ. ಅವರ ಕೆಲಸ ಏನು, ಅದರಿಂದ ನಿಜಕ್ಕೂ ಏನು ಬದಲಾಗುತ್ತೆ ಅನ್ನೋದರ ವಿವರ ಇಲ್ಲಿದೆ.

ಮೊದಲು ಆ ದೇಶದ ಲೆಕ್ಕ

ಇಂಡೋನೇಷ್ಯಾದಲ್ಲಿ 17 ಸಾವಿರಕ್ಕೂ ಹೆಚ್ಚು ದ್ವೀಪ, 38 ಪ್ರಾಂತ್ಯ, ಸುಮಾರು 28 ಕೋಟಿ ಜನ. ಪಶ್ಚಿಮದ ಸಬಾಂಗ್‌ನಿಂದ ಪೂರ್ವದ ಮೆರೌಕೆವರೆಗೆ 5 ಸಾವಿರ ಕಿಲೋಮೀಟರ್ ಮೇಲಾಗುತ್ತೆ. ಒಂದೇ ದೇಶದಲ್ಲಿ ಮೂರು ಗಡಿಯಾರ. ಜಕಾರ್ತಾದಲ್ಲಿ ಬೆಳಗ್ಗೆ 7 ಆದ್ರೆ ಪಪುವಾದಲ್ಲಿ 9.

ಅಲ್ಲಿ 700ಕ್ಕೂ ಹೆಚ್ಚು ಭಾಷೆಗಳಿವೆ. ಮನೆಯಲ್ಲಿ ಜಾವಾ, ಸುಂಡಾ, ಮಧುರಾ, ಬಾಲಿ ಹೀಗೆ ಒಂದೊಂದು ಭಾಷೆ. ಶಾಲೆಯಲ್ಲಿ ‘ಬಹಾಸಾ ಇಂಡೋನೇಷಿಯಾ’. 1928ರ ಅಕ್ಟೋಬರ್ 28ರಂದು ಡಚ್ಚರ ಆಳ್ವಿಕೆಯಲ್ಲೇ ಯುವಕರು ಸಭೆ ಸೇರಿ ಒಂದು ನಾಡು, ಒಂದು ಜನ, ಒಂದು ಭಾಷೆ ಅಂತ ಪ್ರತಿಜ್ಞೆ ಮಾಡಿದ್ರು. ಅತಿ ಹೆಚ್ಚು ಜನ ಮಾತಾಡ್ತಿದ್ದ ಜಾವಾ ಭಾಷೆಯನ್ನ ಬಿಟ್ಟು, ವ್ಯಾಪಾರದ ಬಂದರುಗಳಲ್ಲಿ ಎಲ್ಲರಿಗೂ ಅರ್ಥ ಆಗ್ತಿದ್ದ ಮಲಯ್ ಭಾಷೆಯನ್ನ ಆರಿಸಿಕೊಂಡ್ರು. 1945ರ ಸಂವಿಧಾನದಲ್ಲಿ ಅದೇ ರಾಷ್ಟ್ರಭಾಷೆ ಆಯ್ತು.

ಹೀಗಾಗಿ ಬಹಳಷ್ಟು ಮಕ್ಕಳಿಗೆ ಇಂಗ್ಲಿಷ್ ಅನ್ನೋದು ಮೂರನೇ ಭಾಷೆ. ಹಳ್ಳಿಯಲ್ಲಿ ಅದು ಕಿವಿಗೆ ಬೀಳೋದು ಮೊಬೈಲ್‌ನಲ್ಲಿ, ಇಲ್ಲಾ ಇಂಗ್ಲಿಷ್ ಪೀರಿಯಡ್‌ನಲ್ಲಿ ಮಾತ್ರ. ನಮ್ಮಲ್ಲಿ ಕೋರ್ಟು, ಬ್ಯಾಂಕು, ಬೋರ್ಡು ಅಂತ ಇಂಗ್ಲಿಷ್ ಎಲ್ಲ ಕಡೆ ನುಗ್ಗಿದೆ. ಅಲ್ಲಿ ಹಾಗಿಲ್ಲ. ಆಳಿದವರು ಡಚ್ಚರು. ಸ್ವಾತಂತ್ರ್ಯ ಬಂದ ಮೇಲೆ ಡಚ್ ಭಾಷೆ ಕೈಬಿಟ್ಟು ಮೊದಲ ವಿದೇಶಿ ಭಾಷೆಯಾಗಿ ಇಂಗ್ಲಿಷ್ ತಗೊಂಡ್ರು. ಅದು ಪಠ್ಯಪುಸ್ತಕದಿಂದ ಬಂದ ಭಾಷೆ, ಬೀದಿಯಿಂದ ಬಂದದ್ದಲ್ಲ.

ಹೊರಗಿನಿಂದ ಯಾರೆಲ್ಲ ಹೋಗ್ತಾರೆ?

ಇದು ಹೊಸ ಕಥೆ ಏನಲ್ಲ. ಬ್ರಿಟಿಷ್ ಕೌನ್ಸಿಲ್ 1948ರಿಂದಲೂ ಅಲ್ಲಿದೆ. 1950ರ ದಶಕದಲ್ಲಿ ಅಮೆರಿಕದ ಫೋರ್ಡ್ ಫೌಂಡೇಷನ್ ನೆರವಿನಲ್ಲಿ ಇಂಗ್ಲಿಷ್ ಟೀಚರ್‌ಗಳ ತರಬೇತಿ ನಡೀತು. ಅಮೆರಿಕದ ಪೀಸ್ ಕಾರ್ಪ್ಸ್ 1963ರಲ್ಲಿ ಮೊದಲ ಸಲ ಬಂದಾಗ ಕಳಿಸಿದ್ದು ಇಂಗ್ಲಿಷ್ ಟೀಚರ್‌ಗಳನ್ನಲ್ಲ, ಕ್ರೀಡಾ ತರಬೇತುದಾರರನ್ನ. ರಾಜಕೀಯ ಬಿಸಿ ಏರಿ 1965ರಲ್ಲಿ ವಾಪಸ್ ಹೋಯ್ತು. 45 ವರ್ಷ ಬಿಟ್ಟು 2010ರಲ್ಲಿ ಮತ್ತೆ ಬಂತು, ಈ ಸಲ ಇಂಗ್ಲಿಷ್ ಕಲಿಸೋಕೆ. ಅದರ ಸ್ವಯಂಸೇವಕರು ಪೂರ್ವ ಜಾವಾದಂಥ ಕಡೆ ಹಳ್ಳಿ ಮನೆಗಳಲ್ಲೇ ಇದ್ದು, ಸ್ಥಳೀಯ ಟೀಚರ್ ಜೊತೆ ಸೇರಿ ಎರಡು ವರ್ಷ ಪಾಠ ಮಾಡ್ತಾರೆ.

ಫುಲ್‌ಬ್ರೈಟ್ ಯೋಜನೆಯಲ್ಲಿ ಬರೋ ಪದವೀಧರರು ಸುಮಾರು ಒಂದು ಶೈಕ್ಷಣಿಕ ವರ್ಷ ಹೈಸ್ಕೂಲು, ಮದರಸಾ, ವೃತ್ತಿಶಿಕ್ಷಣ ಶಾಲೆಗಳಲ್ಲಿ ಸಹಾಯಕರಾಗಿರ್ತಾರೆ. ಇನ್ನು ‘ಇಂಗ್ಲಿಷ್ ಲ್ಯಾಂಗ್ವೇಜ್ ಫೆಲೋ’ ಅನ್ನೋರು ಬೋಧನೆಯಲ್ಲೇ ಡಿಗ್ರಿ, ಅನುಭವ ಇರೋರು. ಒಂದು ವಿಶ್ವವಿದ್ಯಾಲಯದಲ್ಲಿ ಹತ್ತು ತಿಂಗಳು ನೆಲೆ ಊರಿ, ಅಲ್ಲಿಂದ ಸುತ್ತಮುತ್ತಲ ಜಿಲ್ಲೆಗಳಿಗೆ ಹೋಗಿ ಟೀಚರ್‌ಗಳಿಗೆ ಕಾರ್ಯಾಗಾರ ನಡೆಸೋದು ಅವರ ಕೆಲಸದ ಭಾಗ.

ಒಳಗಿನವರು ಯಾರು?

ಹೊರಗಿನವರ ಫೋಟೋ ಪೇಪರ್‌ನಲ್ಲಿ ಬರುತ್ತೆ. ಭಾರ ಹೊರೋರು ಸ್ಥಳೀಯರು.

‘ತೆಫ್ಲಿನ್’ ಅನ್ನೋ ಇಂಗ್ಲಿಷ್ ಬೋಧಕರ ಸಂಘ 1970ರಿಂದ ಇದೆ. ಪ್ರತಿ ಜಿಲ್ಲೆಯಲ್ಲಿ ಹೈಸ್ಕೂಲು ವಿಷಯ ಶಿಕ್ಷಕರ ಗುಂಪು ಇದೆ, ಅದನ್ನ ‘ಎಂಜಿಎಂಪಿ’ ಅಂತಾರೆ. ಪ್ರಾಥಮಿಕ ಟೀಚರ್‌ಗಳದ್ದು ‘ಕೆಕೆಜಿ’. ನಮ್ಮ ಕ್ಲಸ್ಟರ್ ಸಭೆ ಇದ್ದ ಹಾಗೆ ಅಂದ್ಕೊಳ್ಳಿ. ಹೊರಗಿನಿಂದ ಯಾರೇ ಬರಲಿ, ಹಾಲ್ ಬುಕ್ ಮಾಡೋದು, ಟೀಚರ್‌ಗಳನ್ನ ಸೇರಿಸೋದು, ಶಾಲೆಯಿಂದ ರಜೆ ಕೊಡಿಸೋದು ಇದೇ ಗುಂಪು.

ಇನ್ನೊಂದು ‘ಇಂಡೋನೇಷಿಯಾ ಮೆಂಗಾಜಾರ್’. ಅಂದ್ರೆ ‘ಇಂಡೋನೇಷ್ಯಾ ಕಲಿಸುತ್ತೆ’ ಅಂತ. ಅನೀಸ್ ಬಸ್ವೇದನ್ 2009ರಲ್ಲಿ ಕಟ್ಟಿದ ಈ ಸಂಸ್ಥೆ ತಮ್ಮದೇ ದೇಶದ ಪದವೀಧರರನ್ನ ಒಂದು ವರ್ಷ ದೂರದ ದ್ವೀಪದ ಪ್ರಾಥಮಿಕ ಶಾಲೆಗೆ ಕಳಿಸುತ್ತೆ. ಅವರು ಇಂಗ್ಲಿಷ್ ಒಂದನ್ನೇ ಕಲಿಸಲ್ಲ, ಎಲ್ಲ ವಿಷಯಾನೂ ನೋಡ್ಕೋಬೇಕು. ಬಸ್ವೇದನ್ ಮುಂದೆ ಶಿಕ್ಷಣ ಸಚಿವರೂ ಆದ್ರು, ಜಕಾರ್ತಾ ಗವರ್ನರೂ ಆದ್ರು.

ಓಡಾಟ: ಅರ್ಧ ಕೆಲಸ ಇಲ್ಲೇ ಮುಗಿಯುತ್ತೆ

ಜಾವಾದಲ್ಲಿ ಓಡಾಟ ಆರಾಮ. ರೈಲು ಸಮಯಕ್ಕೆ ಬರುತ್ತೆ, ರಸ್ತೆ ಚೆನ್ನಾಗಿದೆ. ಬಾಲಿಗೆ ಹೋಗೋಕೆ ಕೆತಾಪಾಂಗ್‌ನಿಂದ ಗಿಲಿಮನುಕ್‌ಗೆ ಫೆರಿ. ಬಸ್ಸು, ಲಾರಿ, ಬೈಕು ಎಲ್ಲ ಅದರೊಳಗೇ ನುಗ್ಗುತ್ತವೆ.

ಕಷ್ಟ ಶುರುವಾಗೋದು ಪೂರ್ವಕ್ಕೆ ಹೋದಂಗೆ. ಸುಂಬಾ, ಫ್ಲೋರೆಸ್, ತಿಮೋರ್, ಮಲುಕು, ಪಪುವಾ. ‘ಪೆಲ್ನಿ’ ಅನ್ನೋ ಸರ್ಕಾರಿ ಹಡಗು ಕಂಪನಿ ಇದೆ, ಟಿಕೆಟ್ ಅಗ್ಗ, ಆದ್ರೆ ಕೆಲವು ಬಂದರಿಗೆ ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಬರುತ್ತೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಪಶ್ಚಿಮ ಮಾರುತದ ಅಲೆ ಜೋರು. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ರೆ ಫೆರಿ ನಿಂತೇಬಿಡುತ್ತೆ. ಪಪುವಾದ ಬೆಟ್ಟದ ಮೇಲಿನ ವಮೇನಾ ಊರಿಗೆ ಅಕ್ಕಿ, ಸಿಮೆಂಟು ಕೂಡ ಬಹುಕಾಲದಿಂದ ವಿಮಾನದಲ್ಲೇ ಹೋಗಿರೋದು. ಅಂಥ ಕಡೆ ಪುಸ್ತಕದ ಪೆಟ್ಟಿಗೆ ತಗೊಂಡು ಹೋಗೋದೂ ಒಂದು ಸಾಹಸ.

ದಿನ ನೋಡೋದೂ ಮುಖ್ಯ. ಶಾಲಾ ವರ್ಷ ಜುಲೈ ಮಧ್ಯದಲ್ಲಿ ಶುರು. ರಂಜಾನ್ ತಿಂಗಳಲ್ಲಿ ಪಾಠದ ಅವಧಿ ಕಡಿಮೆ, ಹಬ್ಬಕ್ಕೆ ಇಡೀ ದೇಶವೇ ಊರಿಗೆ ಹೊರಡುತ್ತೆ. ಶುಕ್ರವಾರ ಮಧ್ಯಾಹ್ನ ಪ್ರಾರ್ಥನೆ. ಸೋಮವಾರ ಬೆಳಗ್ಗೆ ಧ್ವಜವಂದನೆ. ಆಗಸ್ಟ್ 17 ಸ್ವಾತಂತ್ರ್ಯ ದಿನ, ಅದಕ್ಕೆ ಮೊದಲ ಎರಡು ವಾರ ಮಕ್ಕಳು ಮೆರವಣಿಗೆ ತಾಲೀಮಿನಲ್ಲಿ. ಉಳಿದ ದಿನಗಳಲ್ಲಿ ಟೀಚರ್‌ಗಳು ಸಿಗಬೇಕು.

ಕಾರ್ಯಾಗಾರದ ದಿನ ಏನಾಗುತ್ತೆ?

ಕರೆದ ಸಮಯ 8 ಗಂಟೆ ಅಂದ್ರೆ 9ಕ್ಕೆ ಶುರು ಆದ್ರೂ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಇದಕ್ಕೆ ಅವರೇ ಇಟ್ಟ ಹೆಸರು ‘ಜಾಮ್ ಕಾರೆತ್’, ಅಂದ್ರೆ ರಬ್ಬರ್ ಗಡಿಯಾರ. ಎಳೆದಷ್ಟೂ ಉದ್ದ.

ಮೊದಲು ರಾಷ್ಟ್ರಗೀತೆ, ಆಮೇಲೆ ಪ್ರಾರ್ಥನೆ, ಆಮೇಲೆ ಶಿಕ್ಷಣಾಧಿಕಾರಿ ಭಾಷಣ, ಆಮೇಲೆ ತಿಂಡಿ ಡಬ್ಬ. ಕೊನೆಗೆ ಗ್ರೂಪ್ ಫೋಟೋ, ಸರ್ಟಿಫಿಕೇಟ್. ಸರ್ಟಿಫಿಕೇಟ್ ಅಂದ್ರೆ ಬರೀ ಕಾಗದ ಅಲ್ಲ. ಸರ್ಕಾರಿ ಟೀಚರ್‌ಗಳ ಬಡ್ತಿಗೆ ಇಂಥ ತರಬೇತಿ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಕೆಲವರು ಕಲಿಯೋಕೆ ಬರ್ತಾರೆ, ಕೆಲವರು ಕಾಗದಕ್ಕೆ ಬರ್ತಾರೆ. ನಮ್ಮಲ್ಲೂ ಇದು ಗೊತ್ತಿಲ್ಲದ ಸಂಗತಿ ಏನಲ್ಲ.

ಅಸಲಿ ಕೆಲಸ ಮಧ್ಯದ ಮೂರ್ನಾಲ್ಕು ಗಂಟೆ. ಹಳೇ ಪದ್ಧತಿ ಹೀಗೆ: ಟೀಚರ್ ಗುಡ್ ಮಾರ್ನಿಂಗ್ ಅಂತಾರೆ, ಇಡೀ ತರಗತಿ ಎದ್ದು ನಿಂತು ಒಂದೇ ರಾಗದಲ್ಲಿ ಉತ್ತರ ಕೊಡುತ್ತೆ. ಆಮೇಲೆ ವರ್ಕ್‌ಬುಕ್ ತೆಗೆದು ಬಹು ಆಯ್ಕೆ ಪ್ರಶ್ನೆಗೆ ಟಿಕ್ ಹಾಕೋದು. ಹಲವು ವರ್ಷ ರಾಷ್ಟ್ರೀಯ ಪರೀಕ್ಷೆಯೇ ಹಾಗಿತ್ತು. ಆ ಪರೀಕ್ಷೆ 2020ರ ನಂತರ ಇಲ್ಲ, ಆದ್ರೆ ರೂಢಿ ಉಳಿದಿದೆ.

ತರಬೇತುದಾರರು ಟೀಚರ್‌ಗಳನ್ನೇ ಮಕ್ಕಳಾಗಿ ಕೂರಿಸಿ ಬೇರೆ ರೀತಿ ಮಾಡಿ ತೋರಿಸ್ತಾರೆ. ಗೋಡೆ ಮೇಲೆ ಒಂದು ಪ್ಯಾರಾ ಅಂಟಿಸಿರ್ತಾರೆ. ಒಬ್ಬ ಓಡಿ ಹೋಗಿ ಓದಿ, ನೆನಪಿಟ್ಟು, ವಾಪಸ್ ಬಂದು ಹೇಳಬೇಕು. ಇನ್ನೊಬ್ಬ ಬರೀಬೇಕು. ಓದು, ನೆನಪು, ಮಾತು, ಬರಹ ನಾಲ್ಕೂ ಒಂದೇ ಆಟದಲ್ಲಿ. ಸಂತೆಯಲ್ಲಿ ಚೌಕಾಸಿ ಮಾಡೋ ನಾಟಕ, ನೂಡಲ್ಸ್ ಮಾಡೋ ವಿಧಾನ ಹೇಳೋದು, ಹೆತ್ತ ಅಮ್ಮನನ್ನೇ ಅಮ್ಮ ಅಲ್ಲ ಅಂದು ಶಾಪದಿಂದ ಕಲ್ಲಾದ ಮಾಲಿನ್ ಕುಂದಾಂಗ್ ಕಥೆಯನ್ನ ಇಂಗ್ಲಿಷ್‌ನಲ್ಲಿ ಹೇಳಿಸೋದು. ಪ್ರೊಜೆಕ್ಟರ್ ಬೇಡ, ಕರೆಂಟ್ ಬೇಡ. ಹೈಸ್ಕೂಲಿನ ಒಂದು ತರಗತಿಯಲ್ಲಿ 36 ಮಕ್ಕಳವರೆಗೆ ಇರಬಹುದು ಅನ್ನೋದು ನಿಯಮ. ಅಷ್ಟು ಜನಕ್ಕೂ ನಡೆಯೋ ಆಟ ಆಗಿರಬೇಕು.

ಮಕ್ಕಳು ಎಲ್ಲಿ ಎಡವ್ತಾರೆ?

ಇಂಡೋನೇಷ್ಯಾದ ಭಾಷೆಯನ್ನ ರೋಮನ್ ಅಕ್ಷರದಲ್ಲೇ ಬರೀತಾರೆ. ಇದು ಅನುಕೂಲ ಅನ್ಸುತ್ತೆ, ಆದ್ರೆ ತೊಂದರೆಯೂ ಇದೇ. ಅವರ ಭಾಷೆ ಬರೆದ ಹಾಗೇ ಓದೋದು. ಅಲ್ಲಿ ‘ಸಿ’ ಅಕ್ಷರಕ್ಕೆ ‘ಚ’ ಅನ್ನೋ ಉಚ್ಚಾರ. ಹಾಗಾಗಿ ಇಂಗ್ಲಿಷ್‌ನ ‘ಕೇಕ್’ ಅನ್ನೋ ಪದ ಬರೆದದ್ದನ್ನ ಹೊಸ ಹುಡುಗ ‘ಚಾಕೆ’ ಅಂತ ಓದ್ತಾನೆ. ಪಶ್ಚಿಮ ಜಾವಾದ ಸುಂಡಾ ಜನಕ್ಕೆ ‘ಫ’ ಬರೋದು ಕಷ್ಟ, ‘ಪೋಟೋ’ ಅಂತಾರೆ. ನಮ್ಮ ಹಳ್ಳಿ ಕಡೆ ಪೋನು, ಪ್ಯಾನು ಅನ್ನೋದೂ ಅದೇ ಕಾರಣಕ್ಕೆ. ಆ ಧ್ವನಿ ಎರಡೂ ಕಡೆ ಮೂಲದಲ್ಲಿ ಇಲ್ಲ.

ವ್ಯಾಕರಣದಲ್ಲೂ ಹೀಗೇ. ‘ಸಾಯಾ ಗುರು’ ಅಂದ್ರೆ ‘ನಾನು ಟೀಚರ್’. ಕನ್ನಡದಲ್ಲಿ ಇದ್ದ ಹಾಗೇ ಅಲ್ಲೂ ನಡುವೆ ಕ್ರಿಯಾಪದ ಬೇಕಿಲ್ಲ. ಇಂಗ್ಲಿಷ್‌ನಲ್ಲಿ ಬೇಕೇಬೇಕು. ಅದಕ್ಕೇ ಎರಡೂ ಕಡೆ ಮಕ್ಕಳು ‘ಆ್ಯಮ್’, ‘ಈಸ್’ ನುಂಗ್ತಾರೆ. ಅವರ ಕ್ರಿಯಾಪದಕ್ಕೆ ಭೂತ, ವರ್ತಮಾನ ಅಂತ ರೂಪ ಬದಲಾಗಲ್ಲ. ‘ನಿನ್ನೆ’ ಅಂತ ಸೇರಿಸಿದ್ರೆ ಸಾಕು. ಅವನು, ಅವಳು ಎರಡಕ್ಕೂ ‘ದಿಯಾ’ ಒಂದೇ ಪದ. ಹಾಗಾಗಿ ‘ಹಿ’ ಮತ್ತು ‘ಶಿ’ ಅದಲುಬದಲು ಆಗೋದು ತುಂಬಾ ಸಾಮಾನ್ಯ.

ಅಂದಹಾಗೆ ‘ಗುರು’ ಅನ್ನೋದು ಅಲ್ಲಿ ಟೀಚರ್‌ಗೆ ದಿನಬಳಕೆಯ ಪದ. ಬಹಾಸಾ ಅಂದ್ರೆ ಭಾಷೆ, ಸಿಸ್ವಾ ಅಂದ್ರೆ ಶಿಷ್ಯ, ನಾಮಾ ಅಂದ್ರೆ ಹೆಸರು, ದೇಸಾ ಅಂದ್ರೆ ಹಳ್ಳಿ. ಸಾವಿರ ವರ್ಷದ ಹಿಂದಿನ ಸಂಸ್ಕೃತದ ನಂಟು. ಟೀಚರನ್ನ ಕರೆಯೋದು ‘ಪಾಕ್’ ಇಲ್ಲಾ ‘ಬು’ ಅಂತ, ಅಂದ್ರೆ ಅಪ್ಪ, ಅಮ್ಮ. ಮೇಷ್ಟ್ರು, ಅಕ್ಕೋರು ಅನ್ನೋ ಹಾಗೆ.

ಇದೆಲ್ಲಕ್ಕಿಂತ ದೊಡ್ಡ ಅಡ್ಡಿ ‘ಮಾಲು’. ಅಂದ್ರೆ ನಾಚಿಕೆ. ತಪ್ಪು ಮಾತಾಡಿದ್ರೆ ನಗ್ತಾರೆ ಅನ್ನೋ ಭಯ. ಇದು ಮಕ್ಕಳಿಗಿಂತ ಟೀಚರ್‌ಗಳಿಗೇ ಹೆಚ್ಚು. ಹೊರಗಿನವರು ಬಂದಾಗ ಮಕ್ಕಳು ‘ಹಲೋ ಮಿಸ್ಟರ್’ ಅಂತ ಹೆಂಗಸರನ್ನೂ ಕೂಗಿ ಓಡ್ತಾರೆ. ಟೀಚರ್ ಮಾತ್ರ ಕೊನೇ ಸಾಲಿನಲ್ಲಿ ಸುಮ್ನೆ ಕೂತಿರ್ತಾರೆ. ಅವರ ಬಾಯಿ ಬಿಡಿಸೋದೇ ತರಬೇತಿಯ ಮೊದಲ ಪಾಠ.

ಒಂದು ತಾಲೂಕು ಇಂಗ್ಲಿಷ್‌ನಿಂದಲೇ ಬದುಕಿದ ಕಥೆ

ಪೂರ್ವ ಜಾವಾದ ಕೆದಿರಿ ಜಿಲ್ಲೆಯಲ್ಲಿ ಪಾರೆ ಅನ್ನೋ ಊರಿದೆ. ನಮ್ಮ ಲೆಕ್ಕದಲ್ಲಿ ಒಂದು ತಾಲೂಕು ಕೇಂದ್ರ. ಅಮೆರಿಕದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಜ್ 1950ರ ದಶಕದಲ್ಲಿ ಇಲ್ಲೇ ಉಳಿದು ಅಧ್ಯಯನ ಮಾಡಿ, ಪುಸ್ತಕದಲ್ಲಿ ಊರಿಗೆ ‘ಮೊಜೊಕುತೊ’ ಅಂತ ಬೇರೆ ಹೆಸರಿಟ್ಟು ಬರೆದ್ರು. ಆಗ ಅದು ಬರೀ ಸಂತೆ ಊರು.

1970ರ ದಶಕದಲ್ಲಿ ಕಾಲೆಂದ್ ಓಸೆನ್ ಅನ್ನೋ ಯುವಕ ಬೋರ್ನಿಯೋ ಕಡೆಯಿಂದ ಇಲ್ಲಿಗೆ ಬಂದ್ರು. ಗೊಂತೋರ್ ಅನ್ನೋ ಹೆಸರಾಂತ ಧಾರ್ಮಿಕ ವಸತಿ ಶಾಲೆಯಲ್ಲಿ ಓದ್ತಿದ್ದೋರು, ದುಡ್ಡಿಲ್ಲದೆ ಓದು ಅರ್ಧಕ್ಕೆ ಬಿಟ್ಟಿದ್ರು. ಪಾರೆಯಲ್ಲಿ ಹಲವು ಭಾಷೆ ಬಲ್ಲ ಧರ್ಮಗುರು ಯಾಜಿದ್ ಹತ್ತಿರ ಕಲಿಯೋಕೆ ಸೇರಿಕೊಂಡ್ರು. ಒಮ್ಮೆ ಸುರಬಾಯಾದಿಂದ ಇಬ್ಬರು ಕಾಲೇಜು ಹುಡುಗರು ಪರೀಕ್ಷೆಗೆ ಇಂಗ್ಲಿಷ್ ಕಲಿಯೋಕೆ ಯಾಜಿದ್‌ರನ್ನ ಹುಡುಕಿ ಬಂದಾಗ ಅವರು ಊರಲ್ಲಿ ಇರ್ಲಿಲ್ಲ. ಕಾಲೆಂದ್ ಅವರೇ ಕೆಲವೇ ದಿನದಲ್ಲಿ ಹೇಳಿಕೊಟ್ರು. ಹುಡುಗರು ಪಾಸಾದ್ರು. ಸುದ್ದಿ ಹಬ್ಬಿತು. 1977ರಲ್ಲಿ ‘ಬೇಸಿಕ್ ಇಂಗ್ಲಿಷ್ ಕೋರ್ಸ್’ ಶುರುವಾಯ್ತು.

ಅಲ್ಲಿ ಕಲಿತವರೇ ಪಕ್ಕದಲ್ಲಿ ತಮ್ಮ ಕೋರ್ಸ್ ತೆರೆದ್ರು. ಈಗ ಊರಿನ ಹೆಸರೇ ‘ಕಂಪುಂಗ್ ಇಂಗ್ರಿಸ್’, ಇಂಗ್ಲಿಷ್ ಹಳ್ಳಿ. ನೂರಕ್ಕೂ ಹೆಚ್ಚು ಕೋರ್ಸ್‌ಗಳಿವೆ. ತಿಂಗಳಿಗೆ ಎರಡು ಸಲ, 10 ಮತ್ತು 25ನೇ ತಾರೀಖು ಹೊಸ ಬ್ಯಾಚ್. ದೇಶದ ಮೂಲೆ ಮೂಲೆಯಿಂದ ಹುಡುಗ ಹುಡುಗಿಯರು ಬಂದು ಎರಡು ವಾರ, ಒಂದು ತಿಂಗಳು ಉಳೀತಾರೆ. ‘ಕ್ಯಾಂಪ್’ ಅನ್ನೋ ವಸತಿಗೃಹದೊಳಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡೋ ಹಾಗಿಲ್ಲ.

ಅಂಗಡಿಯವರು ಗಮನಿಸಬೇಕಾದ್ದು ಇಲ್ಲಿದೆ. ಕೋರ್ಸ್ ನಡೆಸೋರು ಕೆಲವರು, ಬದುಕ್ತಿರೋರು ಊರ ತುಂಬಾ ಜನ. ಸೈಕಲ್ ಬಾಡಿಗೆ, ಮನೆಯ ಮುಂದಿನ ಕೋಣೆ ಬಾಡಿಗೆ, ಕಿಲೋ ಲೆಕ್ಕದ ಲಾಂಡ್ರಿ, ಜೆರಾಕ್ಸ್, ಪುಸ್ತಕದಂಗಡಿ, ‘ವಾರುಂಗ್’ ಅನ್ನೋ ಸಣ್ಣ ಊಟದಂಗಡಿ. ಸರ್ಕಾರ ಯೋಜನೆ ಹಾಕಿ ಕಟ್ಟಿದ್ದಲ್ಲ ಇದು. ಒಬ್ಬ ಟೀಚರ್ ಊರಲ್ಲೇ ನಿಂತದ್ದಕ್ಕೆ ಬೆಳೆದದ್ದು. ಇದರ ಇನ್ನೊಂದು ಮುಖ 2020ರಲ್ಲಿ ಕಂಡಿತು. ಕೊರೊನಾ ಬಂದು ತರಗತಿ ನಿಂತಾಗ ಸೈಕಲ್‌ಗಳು ಸಾಲಾಗಿ ನಿಂತೇ ಇದ್ವು. ಒಂದೇ ಕಸುಬು ನಂಬಿದ ಊರಿಗೆ ಬರೋ ಕಷ್ಟ ಅದು.

ಹೋದವರು ಹೋದ ಮೇಲೆ?

ಸುತ್ತಾಡಿ ಕಲಿಸೋ ಕೆಲಸದ ಬಗ್ಗೆ ದೊಡ್ಡ ಪ್ರಶ್ನೆ ಇದೇ. 2020ರ ಮಾರ್ಚ್‌ನಲ್ಲಿ ಪೀಸ್ ಕಾರ್ಪ್ಸ್ ಇಡೀ ಪ್ರಪಂಚದಿಂದ ತನ್ನ ಸ್ವಯಂಸೇವಕರನ್ನ ಕೆಲವೇ ದಿನದಲ್ಲಿ ವಾಪಸ್ ಕರೆಸಿಕೊಂಡಿತು. ಇಂಡೋನೇಷ್ಯಾದಲ್ಲಿ ಅವರ ಜೊತೆ ಪಾಠ ಮಾಡ್ತಿದ್ದ ಟೀಚರ್‌ಗಳು ಒಬ್ಬರೇ ಉಳಿದ್ರು. ನೆಟ್‌ವರ್ಕ್ ಇಲ್ಲದ ಹಳ್ಳಿಗಳಲ್ಲಿ ಎಷ್ಟೋ ಟೀಚರ್‌ಗಳು ಬೈಕ್ ಹತ್ತಿ ಮಕ್ಕಳ ಮನೆಗೇ ಹೋಗಿ ಪಾಠ ಹೇಳಿದ್ರು. ಆಗ ನಿಜವಾಗಿ ಊರೂರು ಸುತ್ತಿದೋರು ಅವರು.

ಅವರ ಸ್ಥಿತಿ ಹೇಗಿದೆ? ಕಾಯಂ ಅಲ್ಲದ ಟೀಚರ್‌ಗಳನ್ನ ಅಲ್ಲಿ ‘ಗುರು ಹೊನೊರೆರ್’ ಅಂತಾರೆ. ನಮ್ಮ ಅತಿಥಿ ಶಿಕ್ಷಕರ ಹಾಗೆ. ತಿಂಗಳಿಗೆ 3 ಲಕ್ಷ ರುಪಿಯಾ ಆಸುಪಾಸು ಸಂಬಳದಲ್ಲಿ ದುಡಿಯೋರ ಬಗ್ಗೆ ಅಲ್ಲಿನ ಪತ್ರಿಕೆಗಳು ಪದೇ ಪದೇ ಬರೆದಿವೆ. ಲಕ್ಷ ಅಂತ ನೋಡಿ ಬೆರಗಾಗಬೇಡಿ, ನಮ್ಮ ದುಡ್ಡಲ್ಲಿ ಎರಡು ಸಾವಿರ ರೂಪಾಯಿ ಮುಟ್ಟಲ್ಲ. ಗುತ್ತಿಗೆ ಸರ್ಕಾರಿ ನೌಕರಿಗೆ ಸೇರಿಸೋ ಯೋಜನೆ ಬಂದಿದೆ, ಬಹಳ ಜನಕ್ಕೆ ಸಿಕ್ಕಿದೆ, ಇನ್ನೂ ಬಹಳ ಜನ ಕಾಯ್ತಿದ್ದಾರೆ.

ಇದರ ಮಧ್ಯೆ ಇನ್ನೊಂದು ಬೇಸರ. ಇಂಗ್ಲಿಷ್ ಬೋಧನೆಯಲ್ಲೇ ಡಿಗ್ರಿ ಮಾಡಿ ಹದಿನೈದು ವರ್ಷ ಪಾಠ ಹೇಳಿದ ಸ್ಥಳೀಯ ಟೀಚರ್‌ಗಿಂತ, ಆಗ ತಾನೇ ಕಾಲೇಜು ಮುಗಿಸಿ ಬಂದ ಬಿಳಿ ಮುಖಕ್ಕೆ ಹೆಚ್ಚು ಮರ್ಯಾದೆ ಸಿಗೋದು. ಒಳ್ಳೇ ತರಬೇತುದಾರರು ಇದನ್ನ ಬಲ್ಲರು. ಅವರು ತರಗತಿಯ ಮುಂದೆ ತಾವೇ ನಿಲ್ಲಲ್ಲ, ಟೀಚರನ್ನ ನಿಲ್ಲಿಸ್ತಾರೆ. ಜಿಲ್ಲೆಯ ಗುಂಪಿನಲ್ಲಿ ನಾಲ್ಕೈದು ಜನರನ್ನ ತಯಾರು ಮಾಡಿ, ಮುಂದಿನ ಕಾರ್ಯಾಗಾರ ಅವರಿಂದಲೇ ನಡೆಸ್ತಾರೆ. ಒಂದು ದಿನದ ತರಬೇತಿ ಫೋಟೋ ಜೊತೆಗೇ ಮುಗಿಯುತ್ತೆ. ವರ್ಷದಲ್ಲಿ ಮೂರ್ನಾಲ್ಕು ಸಲ ಅದೇ ಊರಿಗೆ ಹೋಗಿ ಅದೇ ಟೀಚರ್‌ಗಳನ್ನ ನೋಡಿದ್ರೆ ಮಾತ್ರ ಏನಾದ್ರೂ ಉಳಿಯುತ್ತೆ.

ಇಲ್ಲಿಂದ ಹೋಗಬಹುದಾ?

ಪ್ರವಾಸಕ್ಕೆ ಭಾರತೀಯರಿಗೆ ಇಳಿದ ಮೇಲೆ ವೀಸಾ ಸಿಗುತ್ತೆ. 30 ದಿನ, ಒಮ್ಮೆ ಇನ್ನೂ 30 ದಿನ ವಿಸ್ತರಿಸಬಹುದು. ಶುಲ್ಕ 5 ಲಕ್ಷ ರುಪಿಯಾ, ಅಂದ್ರೆ ಮೂರು ಸಾವಿರ ರೂಪಾಯಿ ಒಳಗೆ. ಆದ್ರೆ ಆ ವೀಸಾದಲ್ಲಿ ಕೆಲಸ ಮಾಡೋ ಹಾಗಿಲ್ಲ. ಸಂಬಳ ಇಲ್ಲದೆ ಶಾಲೆಯಲ್ಲಿ ಪಾಠ ಮಾಡ್ತೀನಿ ಅಂದ್ರೂ ಅದಕ್ಕೆ ತಕ್ಕ ಅನುಮತಿ ಬೇಕು. ಇಲ್ಲಾಂದ್ರೆ ಗಡೀಪಾರು ಆಗಬಹುದು. ‘ಬಾಲಿಯಲ್ಲಿ ಇಂಗ್ಲಿಷ್ ಟೀಚರ್ ಕೆಲಸ, ಟೂರಿಸ್ಟ್ ವೀಸಾ ಸಾಕು’ ಅಂತ ವಾಟ್ಸ್ಆ್ಯಪ್‌ನಲ್ಲಿ ಯಾರಾದ್ರೂ ಕಳಿಸಿದ್ರೆ ದುಡ್ಡು ಕಟ್ಟೋ ಮೊದಲು ಇದನ್ನ ನೆನಪಿಡಿ.

ಕರ್ನಾಟಕದಲ್ಲೂ ಇಂಥ ತರಬೇತಿ ಹೊಸದಲ್ಲ. ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದಲೂ ಸರ್ಕಾರಿ ಶಾಲೆ ಟೀಚರ್‌ಗಳಿಗೆ ಇದೇ ಕೆಲಸ ಮಾಡ್ತಿದೆ. ಇಲ್ಲಿ 1ನೇ ತರಗತಿಯಿಂದ ಇಂಗ್ಲಿಷ್ ಬಂದು ಹದಿನೈದು ವರ್ಷದ ಮೇಲಾಯ್ತು. ಇಂಡೋನೇಷ್ಯಾ ಈಗ ಆ ದಾರಿಗೆ ಇಳೀತಿದೆ.

2027ರ ಜುಲೈನಲ್ಲಿ ಅಲ್ಲಿ ಶಾಲೆ ತೆರೆದಾಗ, ಕೆಂಪು ಬಿಳಿ ಯೂನಿಫಾರ್ಮ್ ಹಾಕಿದ 3ನೇ ತರಗತಿ ಮಕ್ಕಳ ಮುಂದೆ ಇಂಗ್ಲಿಷ್ ಪುಸ್ತಕ ಇರುತ್ತೆ. ಪುಸ್ತಕ ಹಡಗಿನಲ್ಲಿ ಹೋಗಿ ಮುಟ್ಟಬಹುದು. ಅದನ್ನ ತೆರೆದು ಧೈರ್ಯವಾಗಿ ಬಾಯಿ ಬಿಡೋ ಟೀಚರ್ ಮಾತ್ರ ಆ ಊರಲ್ಲೇ ತಯಾರಾಗಿರಬೇಕು. ಅದಕ್ಕೆ ಉಳಿದಿರೋ ಸಮಯ ಬಹಳ ಇಲ್ಲ.